ಓದಿದವರಿಗೆ ಬೆಲ್ಲ

ನಮ್ಮ ಊರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಮರದ ಹಲಗೆ ಇದೆ. ಹಲಗೆಯ ಮೇಲೆ ಒಂದೇ ಒಂದು ಇಂಗ್ಲಿಷ್ ವಾಕ್ಯ. ಆ ಮನೆಯಲ್ಲಿ ಯಾರಿದ್ದಾರೆ, ಅವರ ಕೆಲಸವೇನು ಎಂಬುದಷ್ಟೇ ಅದರಲ್ಲಿರುತ್ತದೆ. 'ಲಾಲಸಾಬ, ಹೂ ಪೇಂಟ್ಸ್ ಬೋರ್ಡ್ಸ್, ಲಿವ್ಸ್ ಹಿಯರ್.' ಅಂದರೆ, ಬೋರ್ಡು ಬರೆಯುವ ಲಾಲಸಾಬ ಇಲ್ಲಿರುತ್ತಾನೆ. ಇಂಥ ಹಲಗೆಗಳು ಏಳುನೂರ ಹನ್ನೆರಡು ಇವೆ. ಕಳೆದ ಎಣಿಕೆ ಮಾಡಿದವಳು ನಾನೇ. ನಾಳೆ ಲಾಲಸಾಬ ಕೆಲಸ ಬಿಟ್ಟರೆ, ನಾಡಿದ್ದು ಸೂರ್ಯ ಹುಟ್ಟುವ ಹೊತ್ತಿಗೆ 'ಪೇಂಟ್ಸ್' ಎಂಬುದು 'ಪೇಂಟೆಡ್' ಆಗಿರುತ್ತದೆ. ಯಾರೂ ಕುಂಚ ಮುಟ್ಟಿರುವುದಿಲ್ಲ. ಮನುಷ್ಯ ತೀರಿಕೊಂಡರೆ ಎರಡೂ ಕಡೆ ಬದಲಾಗುತ್ತದೆ: ಕೆಲಸವೂ ಹಿಂದಿನ ಕಾಲಕ್ಕೆ ಹೋಗುತ್ತದೆ, 'ಲಿವ್ಸ್' ಎಂಬುದೂ 'ಲಿವ್ಡ್' ಆಗುತ್ತದೆ. ನೂರು ಮೈಲಿ ಆಚೆ ತೀರಿಕೊಂಡರೂ ಅಷ್ಟೇ.

ಊರು ಬಿಟ್ಟು ಹೋದವರ ಲೆಕ್ಕ ಸ್ವಲ್ಪ ಬೇರೆ. ತಿರುಗಿ ಬರುವ ಮನಸ್ಸಿಟ್ಟುಕೊಂಡು ಹೋದವರ ಹಲಗೆ, ಅವರು ಎಷ್ಟು ದಿನ ಹೊರಗಿದ್ದರೂ, ಇದ್ದ ಹಾಗೇ ಇರುತ್ತದೆ. ಇನ್ನು ಬರುವುದಿಲ್ಲ ಎಂದು ನಿಶ್ಚಯಿಸಿ ಹೊಸ್ತಿಲು ದಾಟಿದವರದು ಮರುದಿನ ಬೆಳಿಗ್ಗೆಯೇ ಬದಲಾಗಿರುತ್ತದೆ, ಸತ್ತವರದು ಬದಲಾದ ಹಾಗೆಯೇ, ಎರಡೂ ಕಡೆ. ಕನ್ನಡದಲ್ಲಿ ಬರೆಸಿ ನೋಡಿದವರೂ ಇದ್ದಾರೆ. ಅದು ಕಿರಾಣಿ ಅಂಗಡಿಯ ಬೋರ್ಡಿನ ಹಾಗೆ ಬರೆದದ್ದು ಬರೆದಂತೆಯೇ ನಿಲ್ಲುತ್ತದೆ.

ನಾನು ಈ ಊರಿನವಳಲ್ಲ. ದೊಡ್ಡ ಊರೊಂದರ ಇಂಗ್ಲಿಷ್ ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷ ಪ್ರೂಫ್ ತಿದ್ದಿದವಳು. ಇಲ್ಲಿನ ಹಲಗೆ ಕಚೇರಿಗೆ ತಿದ್ದುವವರು ಬೇಕಾಗಿದ್ದಾರೆ ಎಂಬ ನಾಲ್ಕು ಸಾಲಿನ ಜಾಹೀರಾತು ಒಂದು ದಿನ ನನ್ನ ಮೇಜಿಗೆ ಬಂತು. ಅದರಲ್ಲಿ ಎರಡು ತಪ್ಪಿದ್ದವು. ತಿದ್ದಿ ಅಚ್ಚಿಗೆ ಕಳಿಸಿ, ಆಮೇಲೆ ಅರ್ಜಿ ಹಾಕಿದೆ. ಇದು ಆರು ವರ್ಷದ ಹಿಂದಿನ ಮಾತು. ಇಲ್ಲಿ ಹೆಂಗಸು ಪಾಠ ಹೇಳಿದರೂ ಸರಿ, ಕಚೇರಿಯಲ್ಲಿ ಕೂತರೂ ಸರಿ, ಎಲ್ಲರೂ 'ಅಕ್ಕೋರ' ಎನ್ನುತ್ತಾರೆ. ನನ್ನ ಹೆಸರನ್ನು ಯಾರೂ ಕೇಳಲಿಲ್ಲ.

ಕಚೇರಿಯಲ್ಲಿ ನನಗೆ ಎರಡು ಕೆಲಸ. ಬೆಳಿಗ್ಗೆ ಊರು ಸುತ್ತಿ, ಯಾವ ಹಲಗೆ ಬದಲಾಗಿದೆ ನೋಡಿ, ದಿನವಹಿಯಲ್ಲಿ ಇಂಗ್ಲಿಷಿನಲ್ಲೇ ಬರೆದಿಡುವುದು ಒಂದು. ಹೊಸ ಹಲಗೆಗೆ ವಾಕ್ಯ ಬಂದಾಗ ಅದನ್ನು ತಿದ್ದಿ ಲಾಲಸಾಬನ ಕೈಗೆ ಕೊಡುವುದು ಇನ್ನೊಂದು. ವಾಕ್ಯ ತಪ್ಪಿದ್ದರೆ ಬಣ್ಣ ಒಣಗುವುದಿಲ್ಲ. ಸಂಜೆಯ ಹೊತ್ತಿಗೆ ಅಕ್ಷರಗಳು ಕರಗಿ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿರುತ್ತವೆ. ಬಟ್ಟೆ ಅಂಗಡಿಯ ಯಜಮಾನರೊಬ್ಬರು ನನ್ನನ್ನು ಕೇಳದೆ ತಮಗೆ ತಾವೇ 'ಹೂ' ಬದಲು 'ವಿಚ್' ಹಾಕಿಸಿಕೊಂಡು, ಬಿಳಿ ಧೋತರದ ಮೇಲೆ ನೀಲಿ ಬಣ್ಣ ಬೀಳಿಸಿಕೊಂಡದ್ದನ್ನು ಊರು ಈಗಲೂ ನೆನೆಯುತ್ತದೆ. ನಾನು ತಪ್ಪಿದ್ದೂ ಇದೆ. ಹಾಲು ಮಾರುವ ಮನೆಯಾಕೆ ತನ್ನ ಎಮ್ಮೆಯ ಕೊಟ್ಟಿಗೆಗೂ ಒಂದು ಹಲಗೆ ಬೇಕೆಂದಳು. ನಾನು 'ಚಂದ್ರಿ, ವಿಚ್ ಗಿವ್ಸ್ ಮಿಲ್ಕ್' ಎಂದು ಬರೆದುಕೊಟ್ಟೆ. "ಚಂದ್ರಿ ನಮ್ಮನ್ಯಾಗ ಹುಟ್ಟಿ ಬೆಳದಾಕಿ. ಅಕಿಗೆ ಕಲ್ಲಿಗೆ ಕಟ್ಟಿಗಿಗೆ ಹಾಕೂ ಮಾತು ಹಾಕ್ತೀರೇನ್ರಿ?" ಎಂದು ಅವಳು ಜಗಳಕ್ಕೆ ನಿಂತಳು. ನಾನು ವ್ಯಾಕರಣದ ಪುಸ್ತಕ ತೆಗೆದು ಪುಟ ತೋರಿಸಿದೆ. ಲಾಲಸಾಬ ನನ್ನ ಮಾತಿನಂತೆ ಬರೆದ. ಎರಡು ದಿನವಾದರೂ ಬಣ್ಣ ಹಸಿಯಾಗಿಯೇ ಇತ್ತು. ಮೂರನೆಯ ದಿನ ಅಳಿಸಿ 'ಹೂ' ಎಂದು ಬರೆದ; ಗಂಟೆಯೊಳಗೆ ಒಣಗಿತು. ದಿನವಹಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದೆ. ಟಿಪ್ಪಣಿ ಹಾಕಲಿಲ್ಲ.

ಇಂಗ್ಲಿಷ್ ಓದಲು ಬಾರದವರು ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರು ಬೆಳಿಗ್ಗೆ ಅಂಗಳ ಸಾರಿಸಿ, ಮನೆಯ ಮುಂದೆ ಹಾಯುವ ಓದುಬಲ್ಲವರನ್ನು ನಿಲ್ಲಿಸಿ 'ಏನೈತಿ?' ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ನಿಂತು ಓದಿ ಹೇಳಬೇಕು, ಕೆಲಸವಿದೆ ಎನ್ನುವಂತಿಲ್ಲ. ಓದಿದವರ ಅಂಗೈಗೆ ಒಂದು ತುಣುಕು ಬೆಲ್ಲ ಬೀಳುತ್ತದೆ. ಅದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು, ಮನೆಗೆ ಒಯ್ಯುವಂತಿಲ್ಲ. ಹಲ್ಲಿನ ವೈದ್ಯರೊಬ್ಬರು ಈ ಊರಿಗೆ ಬಂದು ಚೆನ್ನಾಗಿಯೇ ಬದುಕಿಕೊಂಡಿದ್ದಾರೆ.

ನಾನು ಬಂದ ಎರಡನೆಯ ದಿನ ಹಿಟ್ಟಿನ ಗಿರಣಿಯ ಓಣಿಯಲ್ಲಿ ಹೋಗುತ್ತಿದ್ದೆ. ಐವತ್ತರ ಆಸುಪಾಸಿನ ಒಬ್ಬಾಕೆ, ಸೆರಗಿಗೆ ಮೂರು ಸೂಜಿ ಚುಚ್ಚಿಕೊಂಡು, ಜಗುಲಿಯಿಂದ ಇಳಿದು ಬಂದಳು. ಅವಳ ಹೆಸರು ನಿಂಬೆವ್ವ ಎಂದು ಆಮೇಲೆ ತಿಳಿಯಿತು. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು.

"ಹೊಸಾ ಅಕ್ಕೋರೇನ್ರಿ? ಒಂದೀಟು ನಿಂತು ಓದ್ರಿ. ಏನೈತಿ?"

ಹಲಗೆ ನೋಡಿದೆ. 'ಮಾನಪ್ಪ, ಹೂ ರಿಪೇರ್ಡ್ ಸ್ಕೇಲ್ಸ್, ಲಿವ್ಡ್ ಹಿಯರ್.' ತಕ್ಕಡಿ ದುರಸ್ತಿ ಮಾಡುತ್ತಿದ್ದ ಮಾನಪ್ಪ ಇಲ್ಲಿದ್ದ. ಓದಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಎದುರಿನ ಗಿರಣಿಯಿಂದ, ಮೊಳಕೈವರೆಗೂ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬಳು ಕೂಗಿದಳು.

"ತಕ್ಕಡಿ ರಿಪೇರಿ ಮಾಡೂ ಮಾನಪ್ಪ ಇಲ್ಲಿರ್ತಾನ ಅಂತೈತಿ. ದಿನಾ ಅದನ ಇರ್ತೈತಿ ತಗೋ. ಅಕ್ಕೋರಿಗೆ ಬೆಲ್ಲಾ ಕೊಟ್ಟು ಕಳಸು, ಅವರಿಗೆ ಹೊತ್ತಾಗತೈತಿ."

ತಪ್ಪು ಓದಿದ್ದನ್ನು ಕೇಳಿ ಸುಮ್ಮನಿರುವುದು ನನ್ನ ಅಭ್ಯಾಸವಲ್ಲ. ಪತ್ರಿಕೆಯಲ್ಲಿ ಸಂಪಾದಕರನ್ನೇ ತಡೆದು ನಿಲ್ಲಿಸಿದವಳು ನಾನು. ಆದರೆ ಆ ಗಿರಣಿಯವಳು ನನ್ನನ್ನು ನೋಡಿದ ನೋಟದಲ್ಲಿ ಬೇಡಿಕೆಯೂ ಇತ್ತು, ಬೆದರಿಕೆಯೂ ಇತ್ತು. "ಹೌದು, ಹಾಗೇ ಇದೆ" ಎಂದೆ. ನಿಂಬೆವ್ವ ಬೆಲ್ಲ ಕೊಟ್ಟಳು. ಬೇಗ ನುಂಗಿ ಮುಂದೆ ಹೋದೆ.

ಗಿರಣಿಯವಳು ಪಾರಕ್ಕ. ಅವತ್ತು ಮಧ್ಯಾಹ್ನ ನನ್ನನ್ನು ಕರೆಸಿ, ಗಿರಣಿಯ ಸದ್ದಿನಲ್ಲಿ ಬೇರೆಯವರಿಗೆ ಕೇಳದ ಹಾಗೆ, ನನ್ನ ಕಿವಿಯ ಹತ್ತಿರ ಜೋರಾಗಿ ಹೇಳಿದಳು. ನಿಂಬೆವ್ವನ ಗಂಡ ಮಾನಪ್ಪ ತಕ್ಕಡಿ ದುರಸ್ತಿಗೆಂದು ಸಂತೆ ಊರುಗಳಿಗೆ ಹೋದವನು ಮರಳಲಿಲ್ಲ. ಅವಳ ಮನೆಯ ಹಲಗೆ ಬದಲಾಗಿದೆ. ಓಣಿಯಲ್ಲಿ ಓದಬಲ್ಲವರು ಹದಿನಾಲ್ಕು ಜನ. ಹದಿನಾಲ್ಕು ಜನವೂ ನಿಂಬೆವ್ವನಿಗೆ ಹಳೆಯ ವಾಕ್ಯವನ್ನೇ ಓದಿ ಹೇಳುತ್ತಾರೆ. ಲಾಲಸಾಬ ಮೊದಲಿಗೆ ಎರಡು ಸಲ ಹಲಗೆಯ ಮೇಲೆ ಹಳೆಯ ಅಕ್ಷರ ಬರೆದೂ ನೋಡಿದನಂತೆ. ಬೆಳಗಾಗುವುದರೊಳಗೆ ಉದುರಿಹೋಯಿತಂತೆ.

"ನನ್ನ ಗಂಡ ಹೋದ ಮರುದಿನಾನ ನಮ್ಮ ಹಲಗಿ ಬದಲಾತ್ರಿ" ಎಂದಳು ಪಾರಕ್ಕ. "ನನಗ ಓದಾಕ ಬರ್ತಿತ್ತು. ಕೈಯಾಗ ಸಗಣಿ ಬುಟ್ಟಿ ಹಿಡಕೊಂಡು ನಿಂತು ಓದಿದೆ. ಅಂವ ಇನ್ನ ಬರೂದಿಲ್ಲಂತ ನನಗ ಹೇಳಿದ್ದು ಅಂವ ಅಲ್ಲ, ಕಟ್ಟಿಗಿ. ಅಂಥಾ ಮುಂಜಾನಿ ಯಾರಿಗೂ ಬ್ಯಾಡ್ರಿ."

ಮಾನಪ್ಪನ ಹಲಗೆ ಯಾವಾಗ ಬದಲಾಯಿತು ಎಂದು ನಾನು ಕೇಳಲಿಲ್ಲ. ಪತ್ರಿಕೆಯಲ್ಲಿದ್ದವಳು ಮೊದಲು ಕೇಳಬೇಕಾದ ಪ್ರಶ್ನೆ ಅದು. ಕೇಳದೆ ಹದಿನೈದನೆಯವಳಾದೆ. ಆರು ವರ್ಷದಲ್ಲಿ ನಿಂಬೆವ್ವ ನನ್ನನ್ನು ಎಷ್ಟು ಸಲ ನಿಲ್ಲಿಸಿ ಕೇಳಿದಳೋ ಅಷ್ಟು ಸಲವೂ ತಪ್ಪು ಓದಿದೆ, ಅಷ್ಟು ಸಲವೂ ಬೆಲ್ಲ ತಿಂದೆ.

ಹೋದ ವರ್ಷ ದಸರೆ ಕಳೆದ ಮೇಲೆ ನಿಂಬೆವ್ವ ಪಾಟಿ ಬಳಪ ಹಿಡಿದುಕೊಂಡು ಕಚೇರಿಗೆ ಬಂದಳು. "ಅಕ್ಕೋರ, ನನಗ ಇಂಗ್ಲಿಷ್ ಕಲಸ್ರಿ. ದಿನಾ ಮಂದೀನ್ನ ನಿಲ್ಲಿಸಿ ಕೇಳೂದು ಸಾಕಾತು. ರೊಕ್ಕಾ ಕೊಡಂಗಿಲ್ಲ, ನಿಮ್ಮ ಹಳೇ ಸೀರಿ ಕೊಡ್ರಿ, ಕೌದಿ ಹೊಲದು ಕೊಡ್ತೀನಿ."

ಕಲಿಸುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ನಾಳೆಯಿಂದ ಬಾ ಎಂದೆ. ಸಂಜೆ ಪಾರಕ್ಕ ಮತ್ತು ಲಾಲಸಾಬ ಇಬ್ಬರೂ ಬಂದು ನನ್ನ ಮೇಜಿನ ಮುಂದೆ ನಿಂತರು.

"ಎ ಬಿ ಸಿ ಡಿ ಕಲಸಿ ನಿಲ್ಲಸ್ರಿ" ಎಂದ ಲಾಲಸಾಬ. "ಅದರಾಗ ಒಂದ ವರ್ಷ ಕಳೀತೈತಿ."

"ಅಕಿ ಎಂಟು ದಿನದಾಗ ಕಲೀತಾಳೋ ಮಾರಾಯ. ಅಕಿ ಹೊಲಿಗಿ ನೋಡಿಲ್ಲೇನ?" ಎಂದಳು ಪಾರಕ್ಕ. ನನ್ನ ಕಡೆ ತಿರುಗಿ, "ಮಾತಿಗೆ ಮಾತು ಜೋಡಸೂದು ಕಲಸ್ರಿ. ಹೂ, ವಿಚ್ಚು, ಅವನೆಲ್ಲಾ ಕಲಸ್ರಿ. ಹೊತ್ತು ಮಾತ್ರ ಕಲಸಬ್ಯಾಡ್ರಿ. ಇವತ್ತಿಂದು ಹೆಂಗ, ನಿನ್ನಿದು ಹೆಂಗ ಅನ್ನೂದು ಅಕಿಗೆ ಗೊತ್ತಾಗಬಾರದು" ಎಂದಳು.

ಹಾಗೆ ನಾನು ಹನ್ನೊಂದು ವಾರ ಬರೀ ಜೋಡಿಸುವುದನ್ನು ಕಲಿಸಿದೆ. ಯಾವ ಶಾಲೆಯಲ್ಲೂ ಯಾರೂ ಇದಕ್ಕೆ ಇಷ್ಟು ಸಮಯ ಕೊಟ್ಟಿರಲಾರರು. ಮನುಷ್ಯರಿಗೆ ಹೂ, ವಸ್ತುವಿಗೆ ವಿಚ್, ಯಾರದಾದರೂ ವಸ್ತುವಿನ ಮಾತು ಬಂದರೆ ಹೂಸ್, ಜಾಗಕ್ಕೆ ವೇರ್. ಎಲ್ಲ ವಾಕ್ಯಗಳೂ ಇವತ್ತಿನವೇ. ಸೂಜಿ ಮಾರುವ ಹೆಂಗಸು ಬರುತ್ತಾಳೆ. ಹರಿದ ಸೀರೆ ಇಲ್ಲಿದೆ. ನಿನ್ನೆ ಎಂಬುದೇ ಇಲ್ಲದ ಒಂದು ಇಂಗ್ಲಿಷನ್ನು ನಾನು ಅವಳಿಗಾಗಿ ಹೊಲಿದಿದ್ದೆ.

ನಿಂಬೆವ್ವ ಬೇಗ ಕಲಿತಳು. ಎರಡು ತುಂಡು ವಾಕ್ಯ ಕೊಟ್ಟರೆ, ಎರಡು ತುಂಡು ಬಟ್ಟೆ ಕೊಟ್ಟ ಹಾಗೆ, ಮೊದಲು ಅಂಚು ನೋಡುತ್ತಿದ್ದಳು. ಎರಡರಲ್ಲೂ ಇರುವ ಹೆಸರು ಯಾವುದು ಎಂದು ಹುಡುಕಿ, ಎರಡನೆಯದನ್ನು ಒಳಗೆ ಮಡಚಿ, ಆ ಜಾಗಕ್ಕೆ 'ಹೂ' ಹಾಕಿ ಹೊಲಿಯುತ್ತಿದ್ದಳು. ಒಮ್ಮೆ ಬಳಪ ಕೆಳಗಿಟ್ಟು ಹೇಳಿದಳು: "ನಮ್ಮಲ್ಲಿ ಕೆಲಸ ಮೊದಲ ಬರತೈತಿ, ಮನಿಶ್ಯಾ ಆಮ್ಯಾಲೆ. ತಕ್ಕಡಿ ರಿಪೇರಿ ಮಾಡೂ ಮಾನಪ್ಪ. ಇವರಲ್ಲಿ ಮನಿಶ್ಯಾ ಮೊದಲ. ಮಾನಪ್ಪ, ಅಂತ ಹೇಳಿ ಒಂದೀಟು ನಿಂತು, ಆಮ್ಯಾಲೆ ಅಂವ ಏನ ಮಾಡ್ತಾನ ಅಂತಾರ. ಛಲೋ ಐತ್ರಿ. ಮೊದಲ ಕರೀತಾರ."

ಹನ್ನೊಂದನೆಯ ವಾರದ ಕೊನೆಗೆ ಅವಳು ಪಾಟಿ ಒರೆಸಿ ಮೇಜಿನ ಮೇಲಿಟ್ಟಳು.

"ಅಕ್ಕೋರ, ಜೋಡಸೂದು ಆತು. ಹೊತ್ತು ಯಾವಾಗ ಕಲಸ್ತೀರಿ?"

"ಯಾವ ಹೊತ್ತು?" ಎಂದೆ.

"ನಿನ್ನಿ ಮಾತು ಹೆಂಗ ಹೇಳೂದು, ಇವತ್ತಿಂದು ಹೆಂಗ. ಮೂರು ತಿಂಗಳಿಂದ ನಿಮ್ಮ ಸೂಜಿ ಮಾರೂ ಹೆಂಗಸು ಬರ್ತನ ಇದ್ದಾಳ. ಒಮ್ಮೆರ ಬಂದು ಹೋಗಿರಬೇಕಲ್ಲ." ಅವಳು ನಕ್ಕಳು. ಆಮೇಲೆ ನಗದೆ ಕೇಳಿದಳು: "ಪಾರಕ್ಕ ಬ್ಯಾಡ ಅಂದಾಳೇನ್ರಿ?"

ಸುಳ್ಳನ್ನು ಓದಿ ಹೇಳುವುದು ರೂಢಿಯಾಗಿತ್ತು. ಮುಖ ನೋಡಿ ಹೊಸ ಸುಳ್ಳು ಕಟ್ಟುವುದು ನನ್ನಿಂದ ಆಗಲಿಲ್ಲ. "ನಾಳೆ ಶುರು ಮಾಡೋಣ" ಎಂದೆ.

ಕಾಲಗಳನ್ನು ಕಲಿಸಲು ಆರೇ ದಿನ ಸಾಕಾಯಿತು. ದಿನಾ ಮಾಡುವುದಕ್ಕೆ ಕೊನೆಯಲ್ಲಿ ಒಂದು 'ಸ್', ಮಾಡಿ ಮುಗಿಸಿದ್ದಕ್ಕೆ 'ಡ್'. ಹಾಗೆ ಬದಲಾಗದ ಹಟಮಾರಿ ಕ್ರಿಯಾಪದಗಳ ಒಂದು ಪಟ್ಟಿ. 'ಹ್ಯಾಸ್ ಗಾನ್' ಮತ್ತು 'ವೆಂಟ್' ಇವೆರಡರ ವ್ಯತ್ಯಾಸಕ್ಕೆ ಪತ್ರಿಕೆಯ ಹೊಸ ಹುಡುಗರು ತಿಂಗಳುಗಟ್ಟಲೆ ತಡವರಿಸುತ್ತಿದ್ದರು. ನಾನು ಚಿತ್ರ ಬರೆದು, ಗೆರೆ ಎಳೆದು ವಿವರಿಸಲು ಹೊರಟಾಗ ನಿಂಬೆವ್ವ ತಡೆದಳು. "ತಿಳೀತ್ರಿ. ಒಂದು, ಹೋಗ್ಯಾನ. ಇನ್ನೊಂದು, ಹೋದ. ಹೋಗ್ಯಾನ ಅಂದ್ರ ನಾವಿನ್ನೂ ಬಾಗಿಲದಾಗ ನಿಂತೀವಿ. ಹೋದ ಅಂದ್ರ ಒಳಗ ಬಂದು ಕುಂತೀವಿ." ನಾನು ಗೆರೆ ಅಳಿಸಿದೆ.

ಆರನೆಯ ದಿನ ಶನಿವಾರ. ಭಾನುವಾರ ಬೆಳಿಗ್ಗೆ ನಾನು ಗಿರಣಿ ಓಣಿಗೆ ಹೋಗಲಿಲ್ಲ. ಸುತ್ತು ಬಳಸಿ ಬೇರೆ ಓಣಿಗಳನ್ನು ಮುಗಿಸಿದೆ. ಆರು ವರ್ಷದಲ್ಲಿ ದಿನವಹಿಯಲ್ಲಿ ಒಂದು ಓಣಿ ತಪ್ಪಿದ್ದು ಅವತ್ತೊಂದೇ ದಿನ. ಕಚೇರಿಗೆ ಬಂದರೆ ನಿಂಬೆವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಪಾಟಿ ಇರಲಿಲ್ಲ.

"ಓದಿದೆ" ಎಂದಳು. "ರಿಪೇರ್ಡ್. ಲಿವ್ಡ್."

ನಾನು ಬಾಗಿಲ ಬೀಗ ತೆಗೆಯಲು ತಡಕಾಡಿದೆ. "ತಪ್ಪಾಯಿತು ನಿಂಬೆವ್ವ" ಎಂದೆ.

"ಇರಲಿ ಬಿಡ್ರಿ. ನನಗ ಗೊತ್ತಿತ್ತು." ಅವಳು ಎದ್ದು ನನ್ನ ಹಿಂದೆ ಒಳಗೆ ಬಂದಳು. "ಬ್ಯಾರೇರ ಮನಿ ಮುಂದ ಓದಿದವರು ಬೆಲ್ಲಾ ಚೀಪಿ ಚೀಪಿ ತಿಂತಾರ. ನಮ್ಮ ಮನಿ ಮುಂದ ಗುಳಿಗಿ ನುಂಗಿದಂಗ ನುಂಗಿ ಹೋಗ್ತಾರ. ನೀವೂ ಹಂಗ ನುಂಗ್ತಿದ್ರಿ. ಹದಿನೈದು ಮಂದೀಗೂ ಬೆಲ್ಲಾ ಕಹಿ ಆಗತೈತೇನ್ರಿ? ಎಂದೋ ಬದಲಾಗೇತಿ ಅಂತ ತಿಳಕೊಂಡಿದ್ದೆ."

"ಮತ್ತೆ ಕಲಿತದ್ದು ಯಾಕೆ?"

ಅವಳು ನನ್ನ ಹಿಂದಿನ ಕಪಾಟನ್ನು ನೋಡಿದಳು. ಅಲ್ಲಿ ಮೂವತ್ತು ವರ್ಷದ ದಿನವಹಿಗಳು ಸಾಲಾಗಿವೆ. "ಯಾವತ್ತು ಬದಲಾತು ಅಂತ ಓದಾಕ" ಎಂದಳು.

ನಿಂತೇ ಹೇಳಿದಳು. ಹನ್ನೊಂದು ವರ್ಷದ ಹಿಂದೆ, ಸಂಕ್ರಾಂತಿಯ ಎರಡು ದಿನದ ಮೇಲೆ, ಜನವರಿ ಹದಿನಾರನೇ ತಾರೀಕು ಮಾನಪ್ಪ ಹೊರಟಿದ್ದ. ಉಗಾದಿಗೆ ಬರುತ್ತೇನೆ ಎನ್ನುವುದು ಅವನ ಪ್ರತಿ ವರ್ಷದ ಮಾತು. ಅವತ್ತು ಬೆಳಿಗ್ಗೆ ಚೀಲ ಕಟ್ಟುವಾಗ ನೋಡಿದರೆ, ಅವನ ಹಿತ್ತಾಳೆ ತಕ್ಕಡಿಯ ಒಂದು ತಟ್ಟೆಯಲ್ಲಿ ನಿಂಬೆವ್ವ ಲಿಂಬೆ ಉಪ್ಪಿನಕಾಯಿಯ ಹೋಳು ಒಣಗಲು ಹಾಕಿದ್ದಳು. ತಟ್ಟೆಗೆ ಹಸಿರು ಹಿಡಿದಿತ್ತು. ಒಂದು ಗುಂಜಿ ತೂಕವೂ ತಪ್ಪಬಾರದೆನ್ನುವ ಮನುಷ್ಯ. ಮಾತಿಗೆ ಮಾತು ಬೆಳೆಯಿತು.

"ನಾ ಏನಂದೆ ಅಂದ್ರ, ನಿನ್ನ ತಕ್ಕಡಿ ಕಟಗೊಂಡು ಅಲ್ಲೇ ಇರು, ಬರಬ್ಯಾಡ, ಅಂದೆ. ಅಂವ ಏನೂ ಅನ್ನಲಿಲ್ಲ. ತಟ್ಟಿ ಒರಸಿ ಚೀಲದಾಗ ಇಟಗೊಂಡು ಹೋದ." ನಿಂಬೆವ್ವ ಸೆರಗಿನ ಸೂಜಿಯೊಂದನ್ನು ತೆಗೆದು ಮತ್ತೆ ಚುಚ್ಚಿಕೊಂಡಳು. "ಸತ್ತಿದ್ರ ಸತ್ತಾನ, ಎಲ್ಲಾರೂ ಸಾಯೂದ. ಆದ್ರ ಮರುದಿನಾನ ಹಲಗಿ ಬದಲಾಗಿತ್ತಂದ್ರ, ನನ್ನ ಮಾತು ಕೇಳಿ ಹ್ವಾದಾಂತ ಆತು. ಆಮ್ಯಾಲೆ ಬದಲಾಗಿತ್ತಂದ್ರ ಅದು ಬ್ಯಾರೆ. ಹನ್ನೊಂದು ವರ್ಷ ಇದೊಂದನ್ನ ಯಾರನ್ನೂ ಕೇಳಾಕ ಆಗಲಿಲ್ಲ. ಪಾರಕ್ಕನ್ನ ಕೇಳಿದ್ರ ನನಗ ಬೇಕಾದ್ದನ್ನ ಹೇಳ್ತಾಳ. ಅಕಿ ಮೊದಲನೇ ದಿನದಿಂದ ಸುಳ್ಳು ಓದ್ಯಾಳೋ, ಆಮ್ಯಾಲೆ ಶುರು ಮಾಡ್ಯಾಳೋ, ನನಗೇನು ಗೊತ್ತು? ಎಲ್ಲಾರೂ ಒಳ್ಳೇರು. ಒಳ್ಳೇರ ಮಾತು ನಂಬೂದು ಹೆಂಗ್ರಿ?"

ನಾನು ಆ ವರ್ಷದ ದಿನವಹಿಯನ್ನು ಕಪಾಟಿನಿಂದ ತೆಗೆದೆ. ನನಗಿಂತ ಮೊದಲು ಇಲ್ಲಿದ್ದವರ ಕೈಬರಹ, ದುಂಡಗೆ, ಸ್ಪಷ್ಟವಾಗಿತ್ತು. ಧೂಳು ಒರೆಸಿ ಜನವರಿ ಹದಿನೇಳರ ಪುಟ ತೆಗೆದೆ. ಮೊದಲ ಸಾಲಿಗೆ ನನ್ನ ಕಣ್ಣು ಹೋಗುವಷ್ಟರಲ್ಲಿ ನಿಂಬೆವ್ವ ಪುಟದ ಮೇಲೆ ಅಂಗೈ ಇಟ್ಟಳು.

"ನೀವು ಓದಬ್ಯಾಡ್ರಿ. ನೀವು ಆರು ವರ್ಷ ನಮ್ಮನಿ ಬೆಲ್ಲಾ ತಿಂದೀರಿ."

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತೆ. ಮೇಜಿನ ಮೇಲೆ ತಲೆಕೆಳಗಾಗಿ ಕಾಣುವ ಅಕ್ಷರಗಳನ್ನೂ ಓದಬಲ್ಲವಳು ನಾನು. ಪ್ರೂಫ್ ಕೆಲಸದವರಿಗೆಲ್ಲ ಅದು ಬರುತ್ತದೆ. ಅದಕ್ಕೇ ಕಿಟಕಿಯ ಕಡೆ ನೋಡುತ್ತ ಕೂತೆ.

ಹದಿನೇಳರ ಪುಟದಲ್ಲಿ ಮೂರು ನಮೂದುಗಳಿದ್ದವು. ಅವಳು ಪ್ರತಿ ಪದದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದನ್ನೇ ಓದಿದಳು. ಮಡಕೆ ಮಾಡುತ್ತಿದ್ದ ಒಬ್ಬಾತ. ಪತ್ರ ಹಂಚುತ್ತಿದ್ದ ಒಬ್ಬಾತ. ಮೂರನೆಯ ಸಾಲಿನ ಹೆಸರು 'ಮಾ' ಎಂದು ಶುರುವಾಯಿತು. ಅವಳ ದನಿ ನಿಂತಿತು. ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಮಾ... ಮಾರುತಿ" ಎಂದಳು ನಿಂಬೆವ್ವ. "ಮಾರುತಿ, ಹೂ ಸೋಲ್ಡ್ ಬ್ಯಾಂಗಲ್ಸ್. ಅಂವ ಮುದುಕ ಆಗಿದ್ದ." ಪುಟ ಮಗುಚಿದ ಸದ್ದು ಕೇಳಿತು.

ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅವಳು ಯಾವ ನಮೂದನ್ನೂ ಬಿಡಲಿಲ್ಲ. ಬಿಡಬಹುದು, ಹೆಸರಷ್ಟೇ ನೋಡಿದರೆ ಸಾಕು ಎಂದು ನಾನೂ ಹೇಳಲಿಲ್ಲ. ಊರಿನಲ್ಲಿ ಆ ಚಳಿಗಾಲ ಏನೇನು ನಿಂತಿತು, ಯಾರ್ಯಾರು ಹೋದರು ಎಲ್ಲವನ್ನೂ ಅವಳ ಬಾಯಿಂದ ಕೇಳಿದೆ. ಜನವರಿ ಮುಗಿಯಿತು. ಎದುರಿನ ಗೋಡೆಯ ಬಿಸಿಲು ಕೆಳಗಿಳಿದು ನೆಲಕ್ಕೆ ಬಂತು. ಲಾಲಸಾಬ ಯಾವುದೋ ವಾಕ್ಯ ಕೇಳಲು ಬಂದವನು, ಬಾಗಿಲಲ್ಲೇ ನಿಂತು, ಅವಳು ಓದುವುದನ್ನು ಕೇಳಿ, ಕುಂಚ ಹಿಡಿದುಕೊಂಡೇ ವಾಪಸು ಹೋದ. ಫೆಬ್ರವರಿ ಮುಗಿಯಿತು. ಅವಳ ಓದು ವೇಗವಾಗಲಿಲ್ಲ, ತಡವರಿಸುವುದು ಮಾತ್ರ ಕಡಿಮೆಯಾಯಿತು.

"ಮಾರ್ಚ್ ಟ್ವೆಂಟಿ ಒನ್" ಎಂದು ಓದಿದಳು. ಆಮೇಲೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ನಾನು ತಿರುಗಿದೆ. ಬೆರಳು ಪುಟದ ಮೇಲಿತ್ತು. ಅವಳು ಮೊದಲಿನಿಂದ, ಒಂದೊಂದೇ ಪದ ಬಿಡಿಸಿ ಓದಿದಳು. "ದ ಬೋರ್ಡ್, ವಿಚ್ ಹ್ಯಾಂಗ್ಸ್ ಆನ್ ದ ಹೌಸ್ ಆಫ್ ಮಾನಪ್ಪ, ಹೂ ರಿಪೇರ್ಡ್ ಸ್ಕೇಲ್ಸ್, ಚೇಂಜ್ಡ್ ದಿಸ್ ಮಾರ್ನಿಂಗ್."

ಒಂದು ತಪ್ಪೂ ಇರಲಿಲ್ಲ.

"ಎಷ್ಟು ದಿನ ಆತ್ರಿ?"

"ಅವರು ಹೊರಟು ಅರವತ್ತನಾಲ್ಕು ದಿನ."

"ಆ ವರ್ಷ ಉಗಾದಿ ಯಾವತ್ತಿತ್ತು?"

ನಾನು ಪುಟ ತಿರುವಿ ತೋರಿಸಿದೆ. ಮಾರ್ಚ್ ಮೂವತ್ತರ ಪುಟದಲ್ಲಿ ಹಬ್ಬದ ರಜೆ ಎಂದು ಬರೆದು ಗೆರೆ ಎಳೆದಿದ್ದರು. ಅದನ್ನೂ ಅವಳು ಓದಿದಳು. ಬೆರಳು ಮಡಚಿ ಎಣಿಸಿದಳು.

"ಒಂಬತ್ತು ದಿನ ಉಳದಿತ್ತು. ಬರೂ ದಾರ್ಯಾಗಿದ್ದ."

ದಿನವಹಿ ಅಷ್ಟು ಹೇಳುವುದಿಲ್ಲ. ಬರೆದದ್ದಕ್ಕಿಂತ ಹೆಚ್ಚು ಓದಬಾರದು ಎಂದು ಹತ್ತೊಂಬತ್ತು ವರ್ಷ ಬೇರೆಯವರಿಗೆ ಹೇಳುತ್ತ ಬಂದವಳು ನಾನು. ಇನ್ನೊಂದು ಸಿಹಿ ಸುಳ್ಳನ್ನು ಅವಳಿಗೆ ಕೊಡಲು ಮನಸ್ಸಾಗಲಿಲ್ಲ. "ಎಲ್ಲಿದ್ದರೋ ಗೊತ್ತಿಲ್ಲ ನಿಂಬೆವ್ವ. ಏನಾಯಿತೋ ಅದೂ ಗೊತ್ತಿಲ್ಲ. ಹೊಸ್ತಿಲು ದಾಟುವಾಗ ಅವರಿಗೆ ತಿರುಗಿ ಬರುವ ಮನಸ್ಸಿತ್ತು. ಇದರಲ್ಲಿರುವುದು ಅಷ್ಟೇ" ಎಂದೆ.

"ಅಷ್ಟ ಸಾಕ್ರಿ" ಎಂದಳು.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಪುಸ್ತಕ ಮುಚ್ಚಿ, ಅದರ ಬೆನ್ನನ್ನು ಸೆರಗಿನಿಂದ ಒರೆಸಿ, ಕಪಾಟಿನಲ್ಲಿ ಖಾಲಿ ಇದ್ದ ಜಾಗಕ್ಕೆ ತಾನೇ ಸೇರಿಸಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟ ಗಂಟನ್ನು ಬಿಚ್ಚಿದಳು. ಅದರಲ್ಲಿ ಬೆಲ್ಲದ ತುಣುಕಿತ್ತು. ಕಚೇರಿಗೆ ಹೊರಡುವಾಗ, ಯಾರು ಓದಬೇಕಾಗುತ್ತದೋ ಎಂದು ತಂದದ್ದಿರಬೇಕು. ಅದನ್ನು ನನ್ನ ಕಡೆ ಚಾಚಿದವಳು, ಏನೋ ನೆನಪಾದಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಓದಿದಾಕಿ ನಾನಲ್ಲೇನ್ರಿ" ಎಂದಳು.

ಬಾಯಿಗೆ ಹಾಕಿಕೊಂಡಳು. ಪದ್ಧತಿಯಂತೆ ಅಲ್ಲೇ ನಿಂತು, ಮುಗಿಯುವವರೆಗೂ ತಿಂದಳು. ಕಣ್ಣಲ್ಲಿ ನೀರು ಬಂದದ್ದು ಆವಾಗ. ಒರೆಸಿಕೊಳ್ಳದೆ ಚೀಪುತ್ತಲೇ ಇದ್ದಳು. ನಾನು ಕಚೇರಿಯ ಬಾಗಿಲನ್ನು ಅರ್ಧ ಮುಂದೆ ಮಾಡಿದೆ.

ಹೊರಡುವಾಗ, ಓಣಿಯವರಿಗೆ ಹೇಳುತ್ತೀಯಾ ಎಂದು ಕೇಳಿದೆ. "ಪಾರಕ್ಕ ಹನ್ನೊಂದು ವರ್ಷ ಹೊತ್ತಾಳ್ರಿ" ಎಂದಳು. "ಒಮ್ಮಿಗೇ ಇಳಿಸಿದ್ರ ಹೆಗಲು ನೋಯ್ತೈತಿ. ಸಾವಕಾಶ ಇಳಸ್ತೀನಿ."

ಮರುದಿನ ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ಗಿರಣಿ ಓಣಿಗೆ ಹೋದೆ. ಪಾರಕ್ಕ ಗಿರಣಿಯ ಬಾಗಿಲು ತೆಗೆಯಲು ಬಂದಿದ್ದಳು. ಭಾನುವಾರ ಇಡೀ ದಿನ ಲಾಲಸಾಬ ಏನು ಹೇಳಿದ್ದನೋ, ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ನಿಂಬೆವ್ವ ಅಂಗಳ ಸಾರಿಸಿ ಮುಗಿಸಿ, ಕೈ ತೊಳೆದುಕೊಂಡು, ಎಂದಿನ ಹಾಗೆ ಅವಳನ್ನು ಕೂಗಿದಳು.

"ಪಾರಕ್ಕಾ, ಏನೈತಿ ಓದಿಲ್ಲಿ."

ಪಾರಕ್ಕ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ದಿನವಹಿ ನೋಡಿದೆ. ಅವಳು ನಿಧಾನ ಓಣಿ ದಾಟಿ ಬಂದು, ಹಲಗೆಯ ಕೆಳಗೆ ನಿಂತು, ತಲೆ ಎತ್ತಿದಳು. ದಿನಾ ದೂರದಿಂದಲೇ ಕೂಗಿ ಹೇಳುತ್ತಿದ್ದವಳು.

"ತಕ್ಕಡಿ ರಿಪೇರಿ ಮಾಡೂ ಮಾನಪ್ಪ" ಎಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಲ್ಲಿರ್ತಾನ."

ನಿಂಬೆವ್ವ ಒಳಗೆ ಹೋಗಿ ಬೆಲ್ಲ ತಂದಳು. ದಿನದ ತುಣುಕಿಗಿಂತ ದೊಡ್ಡದಿತ್ತು. ಪಾರಕ್ಕ ಅದನ್ನು ಬಾಯಿಗೆ ಹಾಕಿಕೊಂಡು, ಎಂದಿನ ಹಾಗೆ ನುಂಗಲು ಹೊರಟಳು. ನಿಂಬೆವ್ವ ಅವಳ ಕೈಯನ್ನು ಹಿಡಿದುಕೊಂಡಳು.

"ಚೀಪಿ ತಿನ್ನು ಪಾರಕ್ಕ. ಛಲೋ ಬೆಲ್ಲಾ ಐತಿ."

ಪಾರಕ್ಕನ ದವಡೆ ನಿಂತಿತು. ಅವಳು ನಿಂಬೆವ್ವನ ಮುಖ ನೋಡಿದಳು, ಹಲಗೆ ನೋಡಿದಳು, ಮತ್ತೆ ಮುಖ ನೋಡಿದಳು. ಗಿರಣಿಗೆ ಜೋಳದ ಚೀಲ ತಂದವರು ಆಗಲೇ ಇಬ್ಬರು ನಿಂತಿದ್ದರು. ಅವರನ್ನು ಕಾಯಲು ಬಿಟ್ಟು, ಜಗುಲಿಯ ಮೇಲೆ ಕೂತು, ಪಾರಕ್ಕ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯ ಬೆಲ್ಲವನ್ನು ಕರಗುವವರೆಗೂ ಬಾಯಲ್ಲಿಟ್ಟುಕೊಂಡಳು.